ನ್ಯೂಟ್ರಿಷನಲ್ ಯೀಸ್ಟ್: ಆರಿಸುವ, ಬಳಸುವ, ಅಳತೆಯಲ್ಲಿ ನೆಚ್ಚುವ ಕ್ರಮ

ಹಾಲು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟ ವೀಗನ್ನರ ಅಡುಗೆಮನೆಗಳಲ್ಲಿ ತಿಳಿಹಳದಿ ಬಣ್ಣದ ತೆಳು ಚಕ್ಕೆಗಳ ಡಬ್ಬಿಯೊಂದು ಇಂದು ಸಾಮಾನ್ಯವಾಗಿ ಕಾಣಸಿಗುತ್ತದೆ. ನ್ಯೂಟ್ರಿಷನಲ್ ಯೀಸ್ಟ್ ಎಂಬ ಈ ಆಹಾರದ ಬಗ್ಗೆ ಎರಡು ಮಾತುಗಳು ಪ್ರಚಾರದಲ್ಲಿವೆ. ಇದು ಚೀಸ್‌ನ ರುಚಿ ಕೊಡುತ್ತದೆ ಎಂಬುದು ಒಂದು, ಇದನ್ನು ತಿಂದರೆ ವಿಟಮಿನ್ ಬಿ12ರ ಚಿಂತೆ ಇರುವುದಿಲ್ಲ ಎಂಬುದು ಇನ್ನೊಂದು. ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ಕೆಲವು ಪೊಟ್ಟಣಗಳ ಮಟ್ಟಿಗೆ ಮಾತ್ರ ನಿಜವಾಗಿದ್ದು, ಉಳಿದವುಗಳ ಮಟ್ಟಿಗೆ ಪೂರ್ತಿ ಸುಳ್ಳು. ಈ ವ್ಯತ್ಯಾಸವನ್ನು ಗಮನಿಸದೆ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕೊರತೆಯಾಗಿ ನರಗಳಿಗೆ ಹಾನಿಯಾಗಬಹುದಾದ್ದರಿಂದ, ರುಚಿಯ ವಿಷಯಕ್ಕಿಂತ ಮೊದಲು ಪೊಟ್ಟಣವನ್ನು ಆರಿಸುವ ವಿಷಯವನ್ನೇ ವಿವರವಾಗಿ ನೋಡುವುದು ಸರಿ.

ಇದು ಯಾವ ಯೀಸ್ಟ್ ಎಂಬುದನ್ನು ಮೊದಲು ತಿಳಿದುಕೊಳ್ಳಿ

ಬ್ರೆಡ್ ಉಬ್ಬಿಸುವ ಯೀಸ್ಟ್, ಬಿಯರ್ ತಯಾರಿಸುವ ಯೀಸ್ಟ್ ಮತ್ತು ನ್ಯೂಟ್ರಿಷನಲ್ ಯೀಸ್ಟ್ ಸಾಮಾನ್ಯವಾಗಿ ಒಂದೇ ಜಾತಿಯ ಸೂಕ್ಷ್ಮಜೀವಿಗಳು. ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬುದು ಅದರ ವೈಜ್ಞಾನಿಕ ಹೆಸರು. ಜೀವಿ ಒಂದೇ ಆದರೂ ಬೆಳೆಸುವ ಉದ್ದೇಶ ಮತ್ತು ಕ್ರಮ ಬೇರೆ ಬೇರೆಯಾಗಿರುವುದರಿಂದ ಒಂದರ ಬದಲು ಇನ್ನೊಂದನ್ನು ಬಳಸಲಾಗದು. ನ್ಯೂಟ್ರಿಷನಲ್ ಯೀಸ್ಟನ್ನು ಆಹಾರಕ್ಕೆಂದೇ ಬೆಳೆಸುತ್ತಾರೆ. ಕಬ್ಬು ಅಥವಾ ಸಕ್ಕರೆ ಬೀಟ್‌ನ ಕಾಕಂಬಿಯನ್ನು ದೊಡ್ಡ ತೊಟ್ಟಿಗಳಿಗೆ ನಿಧಾನವಾಗಿ ಊಡಿಸುತ್ತಾ, ಧಾರಾಳವಾಗಿ ಗಾಳಿ ಹಾಯಿಸಿದಾಗ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿ ಮಾಡುವುದರ ಬದಲು ತನ್ನ ಜೀವಕೋಶಗಳನ್ನೇ ಹೆಚ್ಚಿಸಿಕೊಳ್ಳುತ್ತದೆ. ಹಾಗೆ ಬೆಳೆದದ್ದನ್ನು ಬೇರ್ಪಡಿಸಿ, ತೊಳೆದು, ಕಾಯಿಸಿ ನಿರ್ಜೀವಗೊಳಿಸಿ, ಬಿಸಿ ಉರುಳೆಗಳ ಮೇಲೆ ತೆಳ್ಳಗೆ ಒಣಗಿಸಿ ಚಕ್ಕೆಯಾಗಿಯೋ ಪುಡಿಯಾಗಿಯೋ ಮಾಡುತ್ತಾರೆ.

ಕಾಯಿಸಿ ನಿರ್ಜೀವಗೊಳಿಸುವ ಈ ಹಂತದಿಂದ ಹಲವು ಸಂದೇಹಗಳು ತಾವಾಗಿಯೇ ಪರಿಹಾರವಾಗುತ್ತವೆ. ಇದರಲ್ಲಿ ಜೀವಂತ ಕೋಶಗಳಿಲ್ಲದ ಕಾರಣ ಹಿಟ್ಟು ಉಬ್ಬುವುದಿಲ್ಲ, ಹೊಟ್ಟೆಯೊಳಗೆ ಯೀಸ್ಟ್ ಬೆಳೆಯುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಅದೇ ಕಾರಣಕ್ಕೆ ಇದು ಮೊಸರಿನಂತೆ ಕರುಳಿಗೆ ಜೀವಂತ ಸೂಕ್ಷ್ಮಜೀವಿಗಳನ್ನು ಒದಗಿಸುವ ಆಹಾರವೂ ಅಲ್ಲ. ಬೇಧಿಯ ಸಂದರ್ಭದಲ್ಲಿ ವೈದ್ಯರು ಬರೆದುಕೊಡುವ ಸ್ಯಾಕರೊಮೈಸಿಸ್ ಬೌಲಾರ್ಡಿ ಮಾತ್ರೆ ಜೀವಂತ ಯೀಸ್ಟ್, ಅದರ ಕೆಲಸವೇ ಬೇರೆ. ಇನ್ನು ಬ್ರೆಡ್ ಮಾಡುವ ಸಕ್ರಿಯ ಯೀಸ್ಟನ್ನು ಪೋಷಕಾಂಶದ ಆಸೆಯಿಂದ ಹಸಿಯಾಗಿ ತಿನ್ನುವುದು ಸಲ್ಲದು. ಜೀವಂತ ಕೋಶಗಳು ಹೊಟ್ಟೆಯಲ್ಲಿ ವಾಯು ಉಂಟುಮಾಡುವುದಲ್ಲದೆ, ದೇಹಕ್ಕೆ ಸಿಗಬೇಕಾದ ಬಿ ವಿಟಮಿನ್‌ಗಳನ್ನು ತಾವೇ ಹೀರಿಕೊಳ್ಳಬಲ್ಲವು.

ಬ್ರೂವರ್ಸ್ ಯೀಸ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಮೂಲತಃ ಬಿಯರ್ ತಯಾರಿಕೆಯ ನಂತರ ತೊಟ್ಟಿಯಲ್ಲಿ ಉಳಿದ ಯೀಸ್ಟ್. ಹಾಪ್ಸ್ ಹೂವಿನ ಕಹಿ ಅದಕ್ಕೆ ಅಂಟಿಕೊಂಡಿರುವುದರಿಂದ ಅಡುಗೆಗೆ ಚೆನ್ನಾಗಿ ಒಗ್ಗುವುದಿಲ್ಲ, ಹಾಗಾಗಿ ಅದು ಹೆಚ್ಚಾಗಿ ಮಾತ್ರೆಯ ರೂಪದಲ್ಲಿ ಬರುತ್ತದೆ. ಬಾರ್ಲಿಯ ಅಂಶ ಉಳಿದಿರುವ ಸಾಧ್ಯತೆಯಿರುವ ಕಾರಣ, ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಸಹಿಸದವರು ಅದನ್ನು ದೂರವಿಡಬೇಕು. ಕಾಕಂಬಿಯ ಮೇಲೆ ಬೆಳೆದ ನ್ಯೂಟ್ರಿಷನಲ್ ಯೀಸ್ಟಿನಲ್ಲಿ ಸ್ವಭಾವತಃ ಗ್ಲುಟೆನ್ ಇರುವುದಿಲ್ಲವಾದರೂ, ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಎಂಬ ಸ್ಪಷ್ಟ ನಮೂದು ಇರುವುದನ್ನೇ ಕೊಳ್ಳುವುದು ಕ್ಷೇಮ. ಬ್ರೆಡ್ಡಿಗೆ ಸವರಿಕೊಳ್ಳುವ ಗಾಢ ಕಂದು ಬಣ್ಣದ ಯೀಸ್ಟ್ ಸಾರ ಇನ್ನೊಂದು ಬಗೆ. ಕೋಶಗಳ ಒಳಗಿನ ಸತ್ವವನ್ನು ಮಾತ್ರ ಹಿಂಡಿ ತೆಗೆದು ಮಾಡುವ ಈ ಸಾರದಲ್ಲಿ ಉಪ್ಪಿನ ಪ್ರಮಾಣ ಬಹಳ ಹೆಚ್ಚು. ನ್ಯೂಟ್ರಿಷನಲ್ ಯೀಸ್ಟ್ ಎಂದರೆ ಇಡೀ ಕೋಶ; ಹೊರಗಿನಿಂದ ಉಪ್ಪು ಸೇರಿಸದಿದ್ದರೆ ಅದರಲ್ಲಿ ಸೋಡಿಯಂ ಅತ್ಯಲ್ಪ.

ಪದಾರ್ಥಗಳ ಪಟ್ಟಿಯನ್ನು ಓದಿ

ಪೊಟ್ಟಣವನ್ನು ತಿರುಗಿಸಿ, ಮುಂಭಾಗದ ಘೋಷಣೆಗಳನ್ನು ಬಿಟ್ಟು ಹಿಂಭಾಗದ ಪದಾರ್ಥಗಳ ಪಟ್ಟಿಯನ್ನು ನೋಡಿ. ಅಲ್ಲಿ ಒಣ ಯೀಸ್ಟ್ ಅಥವಾ ನಿಷ್ಕ್ರಿಯ ಯೀಸ್ಟ್ ಎಂದಷ್ಟೇ ಇದ್ದರೆ ಅದು ಸಾರವರ್ಧನೆ ಮಾಡದ ಯೀಸ್ಟ್. ಅದರ ಜೊತೆಗೆ ನಿಯಾಸಿನ್, ಪಿರಿಡಾಕ್ಸಿನ್, ರೈಬೋಫ್ಲಾವಿನ್, ಥಯಾಮಿನ್, ಫೋಲಿಕ್ ಆಮ್ಲ, ಸಯನೊಕೊಬಾಲಮಿನ್ ಎಂಬ ಹೆಸರುಗಳು ಸಾಲಾಗಿ ಬಂದರೆ ಅದು ವಿಟಮಿನ್‌ಗಳನ್ನು ಹೊರಗಿನಿಂದ ಸೇರಿಸಿದ ಸಾರವರ್ಧಿತ ಯೀಸ್ಟ್. ಸಯನೊಕೊಬಾಲಮಿನ್ ಎಂಬುದೇ ಬಿ12. ಆ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಪೊಟ್ಟಣವನ್ನು ಬಿ12ರ ಮೂಲವೆಂದು ಎಣಿಸಬಾರದು.

ಇದಕ್ಕೆ ಕಾರಣವಿದೆ. ಬಿ12ನ್ನು ತಯಾರಿಸುವ ಶಕ್ತಿ ಪ್ರಕೃತಿಯಲ್ಲಿ ಇರುವುದು ಕೆಲವು ಬ್ಯಾಕ್ಟೀರಿಯಾ ಮತ್ತು ಅವುಗಳನ್ನು ಹೋಲುವ ಆರ್ಕಿಯಾ ಎಂಬ ಏಕಕೋಶ ಜೀವಿಗಳಿಗೆ ಮಾತ್ರ. ಗಿಡಗಳಾಗಲಿ, ಪ್ರಾಣಿಗಳಾಗಲಿ, ಶಿಲೀಂಧ್ರ ವರ್ಗಕ್ಕೆ ಸೇರಿದ ಯೀಸ್ಟ್ ಆಗಲಿ ಅದನ್ನು ತಯಾರಿಸಲಾರವು. ಯೀಸ್ಟಿಗೆ ಸ್ವಂತವಾಗಿ ಇರುವುದು ಥಯಾಮಿನ್, ರೈಬೋಫ್ಲಾವಿನ್, ನಿಯಾಸಿನ್, ಬಿ6, ಫೋಲೇಟ್ ಮೊದಲಾದ ಇತರ ಬಿ ವಿಟಮಿನ್‌ಗಳು. ಪೋಷಣಾ ವಿಜ್ಞಾನದ ಇತಿಹಾಸದಲ್ಲಿ ಈ ಭೇದ ಬಹಳ ಸ್ಪಷ್ಟವಾಗಿ ಕಾಣಿಸಿಕೊಂಡಿದೆ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಲ್ಲಿ ಆಗಿನ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿ ಕಾರ್ಮಿಕ ಕುಟುಂಬಗಳ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯ ಅಧ್ಯಯನ ಕೈಗೊಂಡರು. ಆ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆ ಎಂಬುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಆಗ ಪರ್ನಿಷಿಯಸ್ ಅನೀಮಿಯಾ ಎಂಬ ಮತ್ತೊಂದು ರಕ್ತಹೀನತೆಗೆ ಪಿತ್ತಜನಕಾಂಗದ ಶುದ್ಧೀಕರಿಸಿದ ಸಾರ ಔಷಧಿಯಾಗಿತ್ತು. ಆ ಸಾರ ಈ ಗರ್ಭಿಣಿಯರ ಮೇಲೆ ಕೆಲಸ ಮಾಡಲಿಲ್ಲ ಎಂಬುದನ್ನೂ ಅವರು ಮುಂದೆ ತೋರಿಸಿಕೊಟ್ಟರು. ಎರಡು ಕಾಯಿಲೆಗಳಲ್ಲಿ ಕೊರತೆಯಾಗಿದ್ದ ವಸ್ತುಗಳು ಬೇರೆ ಬೇರೆ ಎಂಬುದು ಇದರಿಂದ ತಿಳಿಯಿತು. ಯೀಸ್ಟಿನಲ್ಲಿ ಇದ್ದದ್ದು ಮುಂದೆ ಫೋಲೇಟ್ ಎಂದು ಗುರುತಾಯಿತು, ಪಿತ್ತಜನಕಾಂಗದ ಸಾರದಲ್ಲಿ ಇದ್ದದ್ದು 1948ರಲ್ಲಿ ಪ್ರತ್ಯೇಕಗೊಂಡು ಬಿ12 ಎನಿಸಿತು. ಯೀಸ್ಟಿನ ನಿಜವಾದ ಬಲ ಯಾವುದು, ಅದಕ್ಕೆ ಇಲ್ಲದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಯೀಸ್ಟಿನ ಆ ಬಲವನ್ನು ಹಗುರವಾಗಿ ಕಾಣಬಾರದು ಎಂಬುದನ್ನೂ ಹೇಳಲೇಬೇಕು. ನಿಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ಎಂಬ ಮಾರಕ ಕಾಯಿಲೆಗೆ ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ 1920ರ ದಶಕದಲ್ಲಿ ಒಣ ಯೀಸ್ಟನ್ನು ಶಿಫಾರಸು ಮಾಡಿದರು, 1927ರ ಮಿಸಿಸಿಪ್ಪಿ ಪ್ರವಾಹದ ಸಂತ್ರಸ್ತರಿಗೆ ರೆಡ್ ಕ್ರಾಸ್ ಅದನ್ನು ಹಂಚಿತು. ನಿಯಾಸಿನ್‌ನಿಂದ ಪೆಲಾಗ್ರದಂಥ ಕಾಯಿಲೆ ವಾಸಿಯಾಗುತ್ತದೆ ಎಂಬುದು ಗೊತ್ತಾದದ್ದು ಅದಕ್ಕೂ ಹತ್ತು ವರ್ಷಗಳ ನಂತರ, 1937ರಲ್ಲಿ.

ಪಟ್ಟಿಯ ನಂತರ ಪೋಷಕಾಂಶಗಳ ಕೋಷ್ಟಕಕ್ಕೆ ಬನ್ನಿ. ಇಲ್ಲಿ ಮೊದಲು ನೋಡಬೇಕಾದದ್ದು ಒಂದು ಬಾರಿಯ ಪ್ರಮಾಣ ಎಷ್ಟು ಗ್ರಾಂ ಎಂಬುದನ್ನು. ದೊಡ್ಡ ಚಕ್ಕೆಗಳು ಹಗುರ, ಪುಡಿ ಭಾರ. ಆದ್ದರಿಂದ ಎರಡು ದೊಡ್ಡ ಚಮಚ ಎಂಬ ಅಳತೆ ಒಂದು ಪೊಟ್ಟಣದಲ್ಲಿ 10 ಗ್ರಾಂ ಆಗಿದ್ದರೆ ಇನ್ನೊಂದರಲ್ಲಿ 15 ಗ್ರಾಂ ಆಗಿರಬಹುದು, ಹೋಲಿಸುವಾಗ ಗ್ರಾಂ ಲೆಕ್ಕವನ್ನೇ ಹಿಡಿಯಬೇಕು. ತೂಕದ ಅರ್ಧದಷ್ಟು ಪ್ರೋಟೀನ್ ಇರುವುದು ಸಾಮಾನ್ಯ, ಅಂದರೆ 10 ಗ್ರಾಂಗೆ ಸುಮಾರು 5 ಗ್ರಾಂ. ಅತ್ಯಾವಶ್ಯಕವಾದ ಒಂಬತ್ತು ಅಮೈನೊ ಆಮ್ಲಗಳೂ ಅದರಲ್ಲಿವೆ. ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಇದರಲ್ಲಿ ಚೆನ್ನಾಗಿರುವುದರಿಂದ ಧಾನ್ಯದ ಊಟದೊಡನೆ ಇದು ಒಳ್ಳೆಯ ಜೋಡಿ. ಕೋಶಭಿತ್ತಿಯ ಬೀಟಾ ಗ್ಲುಕಾನ್ ಮೊದಲಾದವುಗಳಿಂದಾಗಿ ನಾರಿನ ಅಂಶವೂ ತಕ್ಕಮಟ್ಟಿಗೆ ಇದೆ. ಕ್ಯಾಲ್ಸಿಯಂ ಅಲ್ಪ, ವಿಟಮಿನ್ ಸಿ ಇಲ್ಲವೆಂದೇ ಹೇಳಬೇಕು. ಅತಿನೇರಳೆ ಕಿರಣಗಳಿಗೆ ಒಡ್ಡಿದ ಯೀಸ್ಟಿನಲ್ಲಿ ಮಾತ್ರ ಅದರ ಎರ್ಗೊಸ್ಟೆರಾಲ್ ವಿಟಮಿನ್ ಡಿ2 ಆಗಿ ಬದಲಾಗಿರುತ್ತದೆ, ಹಾಗೆ ಮಾಡಿದ್ದರೆ ಪೊಟ್ಟಣದ ಮೇಲೆ ಬರೆದಿರುತ್ತಾರೆ.

ವಿಟಮಿನ್‌ಗಳ ಎದುರು ಇರುವ ಶೇಕಡಾವಾರು ಅಂಕಿಗಳಿಗಿಂತ ಮೈಕ್ರೊಗ್ರಾಂ ಮತ್ತು ಮಿಲಿಗ್ರಾಂ ಅಂಕಿಗಳನ್ನು ನಂಬಿ. ಶೇಕಡ 100 ಎಂಬುದರ ಆಧಾರ ಎಲ್ಲ ಕಡೆಯೂ ಒಂದೇ ಅಲ್ಲ. ಅಮೆರಿಕದ ಹಳೆಯ ಲೇಬಲ್‌ಗಳಲ್ಲಿ ಬಿ12ರ ದಿನದ ಮೌಲ್ಯ 6 ಮೈಕ್ರೊಗ್ರಾಂ ಆಗಿತ್ತು, ಹೊಸ ನಿಯಮದಲ್ಲಿ ಅದು 2.4 ಮೈಕ್ರೊಗ್ರಾಂ. ಯುರೋಪಿನ ಲೇಬಲ್‌ಗಳು 2.5 ಮೈಕ್ರೊಗ್ರಾಂ ಆಧಾರದ ಮೇಲೆ ಲೆಕ್ಕ ಹಾಕುತ್ತವೆ.

ಬಿ12ಕ್ಕಾಗಿ ತಿನ್ನುವುದಾದರೆ ಹೇಗೆ

ವಯಸ್ಕರಿಗೆ ದಿನಕ್ಕೆ 2.4 ಮೈಕ್ರೊಗ್ರಾಂ ಬಿ12 ಸಾಕು ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಶಿಫಾರಸು. ಆದರೆ ಒಂದೇ ಬಾರಿಗೆ ಎಷ್ಟು ತಿಂದರೂ ಕರುಳು ಅಷ್ಟನ್ನೂ ಹೀರಿಕೊಳ್ಳುವುದಿಲ್ಲ. ಜಠರದಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿನ ಸಹಾಯದಿಂದ ಒಂದು ಊಟಕ್ಕೆ ಸುಮಾರು 1.5ರಿಂದ 2 ಮೈಕ್ರೊಗ್ರಾಂ ಮಾತ್ರ ಒಳಗೆ ಹೋಗುತ್ತದೆ, ಮತ್ತೆ ಆ ವ್ಯವಸ್ಥೆ ಸಿದ್ಧವಾಗಲು ಕೆಲವು ಗಂಟೆಗಳು ಬೇಕು. ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಶೇಕಡ 1ರಷ್ಟು ಮಾತ್ರ ಬೇರೆ ದಾರಿಯಿಂದ ಸೇರುತ್ತದೆ. ಆದ್ದರಿಂದ ಸಾರವರ್ಧಿತ ಯೀಸ್ಟನ್ನೇ ಬಿ12ರ ಮೂಲವಾಗಿ ಇಟ್ಟುಕೊಳ್ಳುವವರು ದಿನದ ಪಾಲನ್ನು ಎರಡು ಅಥವಾ ಮೂರು ಹೊತ್ತಿಗೆ ಹಂಚಿಕೊಂಡು ತಿನ್ನುವುದು ಉತ್ತಮ. ಬ್ರಿಟನ್ನಿನ ವೀಗನ್ ಸೊಸೈಟಿ ವೀಗನ್ನರಿಗೆ ಮೂರು ಮಾರ್ಗಗಳನ್ನು ಸೂಚಿಸುತ್ತದೆ: ಸಾರವರ್ಧಿತ ಆಹಾರಗಳನ್ನು ದಿನಕ್ಕೆ ಎರಡು ಮೂರು ಬಾರಿ ತಿಂದು ಒಟ್ಟು ಕನಿಷ್ಠ 3 ಮೈಕ್ರೊಗ್ರಾಂ ಪಡೆಯುವುದು, ಇಲ್ಲವೇ ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂನ ಮಾತ್ರೆ, ಇಲ್ಲವೇ ವಾರಕ್ಕೆ ಕನಿಷ್ಠ 2000 ಮೈಕ್ರೊಗ್ರಾಂನ ಮಾತ್ರೆ.

ಈ ಮೂರರಲ್ಲಿ ಮಾತ್ರೆಯ ದಾರಿಯೇ ಹೆಚ್ಚು ಭರವಸೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಊರಿಗೆ ಹೋದಾಗ, ಜ್ವರ ಬಂದಾಗ, ಡಬ್ಬಿ ಮುಗಿದಾಗ ಯೀಸ್ಟ್ ತಿನ್ನುವುದು ತಪ್ಪುತ್ತದೆ. ಬೇರೆ ತಯಾರಕರ ಪೊಟ್ಟಣ ಬಂದಾಗ ಬಿ12ರ ಪ್ರಮಾಣವೂ ಬದಲಾಗಿರುತ್ತದೆ. ಡಬ್ಬಿಯ ತಳಕ್ಕೆ ಪುಡಿ, ಮೇಲಕ್ಕೆ ಚಕ್ಕೆ ಸೇರುವುದರಿಂದ ಪ್ರತಿ ಚಮಚವೂ ಒಂದೇ ತೂಕ ತೂಗುವುದಿಲ್ಲ. ಯೀಸ್ಟನ್ನು ಆಹಾರವಾಗಿ ತಿನ್ನಿ, ಬಿ12ಕ್ಕೆ ಪ್ರತ್ಯೇಕ ಏರ್ಪಾಡು ಇಟ್ಟುಕೊಳ್ಳಿ, ಯೀಸ್ಟಿನಿಂದ ಬರುವ ಬಿ12ನ್ನು ಮೇಲೋಗರವೆಂದು ಭಾವಿಸಿ. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ಮತ್ತು ಮಕ್ಕಳ ವಿಷಯದಲ್ಲಂತೂ ಯೀಸ್ಟ್ ಒಂದನ್ನೇ ನೆಚ್ಚಿಕೊಳ್ಳಬಾರದು.

ಅಲ್ಪ ಪ್ರಮಾಣದಿಂದ ಆರಂಭಿಸಿ

ಮೊದಲ ಕೆಲವು ದಿನ ಒಂದು ಚಿಕ್ಕ ಚಮಚ ಸಾಕು. ನಾರಿನ ಅಂಶಕ್ಕೆ ಒಗ್ಗದ ಹೊಟ್ಟೆಗೆ ಒಮ್ಮೆಗೇ ಹೆಚ್ಚು ಹಾಕಿದರೆ ಉಬ್ಬರ, ವಾಯು, ಸೆಳೆತ ಕಾಣಿಸಿಕೊಳ್ಳಬಹುದು. ತೊಂದರೆಯಿಲ್ಲವೆಂದು ಕಂಡ ಮೇಲೆ ಎರಡು ಮೂರು ವಾರಗಳಲ್ಲಿ ಕ್ರಮೇಣ ಒಂದರಿಂದ ಎರಡು ದೊಡ್ಡ ಚಮಚಕ್ಕೆ ಏರಿಸಿ, ನೀರನ್ನು ಚೆನ್ನಾಗಿ ಕುಡಿಯಿರಿ. ಸಾರವರ್ಧಿತ ಯೀಸ್ಟ್ ತಿಂದ ನಂತರ ಮೂತ್ರ ಗಾಢ ಹಳದಿಯಾಗುವುದು ಹೆಚ್ಚಿನ ರೈಬೋಫ್ಲಾವಿನ್ ಹೊರಹೋಗುವುದರ ಗುರುತು, ಅದರಿಂದ ಅಪಾಯವಿಲ್ಲ.

ಎರಡು ದೊಡ್ಡ ಚಮಚಕ್ಕಿಂತ ಮೇಲೆ ದಿನವೂ ತಿನ್ನಬಯಸುವವರು ಸಾರವರ್ಧನೆ ಮಾಡದ ಬಗೆಯನ್ನು ಆರಿಸಿಕೊಳ್ಳಲಿ. ಹೊರಗಿನಿಂದ ಸೇರಿಸಿದ ನಿಯಾಸಿನ್‌ಗೆ ಅಮೆರಿಕದ ಪೋಷಣಾ ತಜ್ಞರು ವಯಸ್ಕರಿಗೆ ನಿಗದಿಪಡಿಸಿದ ಗರಿಷ್ಠ ಮಿತಿ ದಿನಕ್ಕೆ 35 ಮಿಲಿಗ್ರಾಂ, ಫೋಲಿಕ್ ಆಮ್ಲಕ್ಕೆ 1000 ಮೈಕ್ರೊಗ್ರಾಂ. ಕೆಲವು ಸಾರವರ್ಧಿತ ಯೀಸ್ಟ್‌ಗಳಲ್ಲಿ ಒಂದೆರಡು ಬಾರಿಯ ಪ್ರಮಾಣದಲ್ಲಿಯೇ ನಿಯಾಸಿನ್ ಈ ಮಿತಿಯನ್ನು ಮುಟ್ಟುತ್ತದೆ ಅಥವಾ ದಾಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ, ಕತ್ತು ಕೆಂಪಾಗಿ ಬಿಸಿಯಾಗಿ ತುರಿಸಿದರೆ ಅದು ನಿಕೋಟಿನಿಕ್ ಆಮ್ಲ ರೂಪದ ನಿಯಾಸಿನ್‌ನ ಪರಿಣಾಮ ಇರಬಹುದು, ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಹು ವಿಟಮಿನ್ ಮಾತ್ರೆಯನ್ನೂ ತೆಗೆದುಕೊಳ್ಳುವವರು ಎರಡರ ಮೊತ್ತವನ್ನು ಕೂಡಿ ನೋಡಬೇಕು.

ಅಡುಗೆಯಲ್ಲಿ ಬಳಸುವ ಬಗೆ

ನ್ಯೂಟ್ರಿಷನಲ್ ಯೀಸ್ಟಿನ ರುಚಿಗೆ ಮುಖ್ಯ ಕಾರಣ ಅದರಲ್ಲಿರುವ ಗ್ಲುಟಾಮಿಕ್ ಆಮ್ಲ. 1908ರಲ್ಲಿ ಜಪಾನಿನ ಕಿಕುನೇ ಇಕೆದಾ ಸಮುದ್ರ ಪಾಚಿಯ ಸಾರದಿಂದ ಗ್ಲುಟಮೇಟನ್ನು ಬೇರ್ಪಡಿಸಿ ಉಮಾಮಿ ಎಂದು ಹೆಸರಿಸಿದ ರುಚಿ ಇದೇ. ಹಳೆಯ ಚೀಸ್, ಅಣಬೆ, ಹಣ್ಣಾದ ಟೊಮೆಟೊಗಳಲ್ಲಿಯೂ ಇದೇ ರುಚಿ ಇರುವುದರಿಂದ ನಾಲಿಗೆಗೆ ಚೀಸ್‌ನ ನೆನಪಾಗುತ್ತದೆ. ಉಮಾಮಿ ಉಪ್ಪಿನ ರುಚಿಯನ್ನು ಎತ್ತಿಕೊಡುವ ಕಾರಣ, ಯೀಸ್ಟ್ ಹಾಕುವ ಅಡುಗೆಗೆ ಉಪ್ಪನ್ನು ಮೊದಲೇ ಪೂರ್ತಿ ಹಾಕದೆ ಕೊನೆಗೆ ರುಚಿ ನೋಡಿ ಸೇರಿಸಿಕೊಳ್ಳಿ. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಬೇಕಾದವರಿಗೆ ಇದರಿಂದ ದೊಡ್ಡ ಅನುಕೂಲವಿದೆ.

ಸುಲಭವಾದ ಬಳಕೆಯೆಂದರೆ ಸಿದ್ಧವಾದ ಅಡುಗೆಯ ಮೇಲೆ ಉದುರಿಸುವುದು. ಸೂಪ್, ಬೇಯಿಸಿದ ಬೇಳೆಕಾಳು, ಪಾಸ್ತಾ, ಹಿಸುಕಿದ ಆಲೂಗಡ್ಡೆ, ಹುರಿದ ತರಕಾರಿ ಯಾವುದಕ್ಕಾದರೂ ಸರಿ. ಒಲೆ ಆರಿಸಿದ ಮೇಲೆ ಹಾಕುವುದು ಮೇಲು, ಏಕೆಂದರೆ ಥಯಾಮಿನ್ ಹೆಚ್ಚು ಹೊತ್ತಿನ ಕಾವಿಗೆ ನಾಶವಾಗುತ್ತದೆ, ತುಂಬ ಕಾಯಿಸಿದರೆ ಯೀಸ್ಟಿನ ರುಚಿಯಲ್ಲಿಯೂ ಕಹಿ ಸುಳಿಯುತ್ತದೆ. ಪಾಪ್‌ಕಾರ್ನ್‌ನಂಥ ಒಣ ತಿಂಡಿಗೆ ಚಕ್ಕೆಗಳು ಅಂಟುವುದಿಲ್ಲ. ಮೊದಲು ತುಸು ಎಣ್ಣೆ ಸವರಿ, ಚಕ್ಕೆಗಳನ್ನು ಅಂಗೈಯಲ್ಲಿ ಪುಡಿಮಾಡಿಕೊಂಡು ಉದುರಿಸಬೇಕು.

ಚೀಸ್ ಬದಲಿಗೆ ಬಳಸುವ ಸಾಸ್ ಮಾಡಲು ಒಂದು ಬಟ್ಟಲು ಗೋಡಂಬಿಯನ್ನು ಮೂರು ನಾಲ್ಕು ಗಂಟೆ ತಣ್ಣೀರಿನಲ್ಲಿ, ಅವಸರವಿದ್ದರೆ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ. ನೀರನ್ನು ಬಸಿದು, ನಾಲ್ಕು ದೊಡ್ಡ ಚಮಚ ಯೀಸ್ಟ್ ಚಕ್ಕೆ, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಎಸಳು ಬೆಳ್ಳುಳ್ಳಿ, ಅರ್ಧ ಚಿಕ್ಕ ಚಮಚ ಉಪ್ಪು ಮತ್ತು ಮುಕ್ಕಾಲು ಬಟ್ಟಲು ನೀರಿನೊಂದಿಗೆ ಮಿಕ್ಸಿಯಲ್ಲಿ ತರಿಯಿಲ್ಲದಂತೆ ರುಬ್ಬಿ. ನಿಂಬೆರಸವನ್ನು ಬಿಡಬೇಡಿ. ಯೀಸ್ಟಿನಲ್ಲಿ ಹುಳಿ ಇಲ್ಲ, ಆ ಹುಳಿ ಸೇರಿದಾಗಲೇ ಚೀಸ್‌ಗೆ ಹತ್ತಿರವಾದ ರುಚಿ ಬರುತ್ತದೆ. ಬಿಸಿ ಪಾಸ್ತಾಕ್ಕೆ ಬೆರೆಸುವಾಗ ಸಾಸ್ ಗಟ್ಟಿಯಾದರೆ ಪಾಸ್ತಾ ಬೇಯಿಸಿದ ನೀರನ್ನೇ ಸ್ವಲ್ಪ ಸೇರಿಸಿ ಸಡಿಲಿಸಿಕೊಳ್ಳಬಹುದು. ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಬಳಸಿ ಮುಗಿಸಿ. ಗೋಡಂಬಿ ಒಗ್ಗದವರು ನೆನೆಸಿದ ಸೂರ್ಯಕಾಂತಿ ಬೀಜದಿಂದ ಇದನ್ನೇ ಮಾಡಬಹುದು, ಬಣ್ಣ ಸ್ವಲ್ಪ ಮಂಕಾಗುತ್ತದೆ ಅಷ್ಟೆ.

ತುರಿದ ಚೀಸ್‌ನಂತೆ ಉದುರಿಸಲು ಒಣಪುಡಿ ಬೇಕಿದ್ದರೆ ಮೂರು ಪಾಲು ಗೋಡಂಬಿ ಅಥವಾ ಬಾದಾಮಿಗೆ ಒಂದು ಪಾಲು ಯೀಸ್ಟ್, ರುಚಿಗೆ ಉಪ್ಪು ಸೇರಿಸಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ತರಿತರಿಯಾದ ಕೂಡಲೇ ನಿಲ್ಲಿಸಬೇಕು, ತಡವಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಡಬ್ಬಿಯನ್ನು ಬೆಳಕು ಮತ್ತು ತೇವದಿಂದ ದೂರವಿಡಿ. ರೈಬೋಫ್ಲಾವಿನ್ ಬೆಳಕಿಗೆ ಬೇಗ ಕೆಡುತ್ತದೆ, ಬಿ12 ಕೂಡ ಬೆಳಕನ್ನು ತಡೆಯದು. ಪಾರದರ್ಶಕ ಗಾಜಿನ ಸೀಸೆಯಾದರೆ ಬಾಗಿಲಿರುವ ಕಪಾಟಿನೊಳಗೆ ಇಡಬೇಕು. ಹಬೆಯಾಡುವ ಪಾತ್ರೆಯ ಮೇಲೆ ಡಬ್ಬಿಯಿಂದ ನೇರವಾಗಿ ಉದುರಿಸದೆ ಒಣ ಚಮಚದಿಂದ ತೆಗೆದು ಹಾಕಿ. ಗಂಟು ಕಟ್ಟಿದ, ವಾಸನೆ ಬದಲಾದ ಯೀಸ್ಟನ್ನು ಎಸೆಯಿರಿ.

ಯಾರು ವೈದ್ಯರನ್ನು ಕೇಳದೆ ತಿನ್ನಬಾರದು

ಫೆನೆಲ್ಜಿನ್, ಟ್ರಾನಿಲ್‌ಸೈಪ್ರೊಮಿನ್‌ನಂಥ ಎಂಎಒಐ ವರ್ಗದ ಖಿನ್ನತೆಯ ಔಷಧಿ ಸೇವಿಸುವವರು ಯೀಸ್ಟಿನ ಪದಾರ್ಥಗಳಿಂದ ದೂರವಿರಬೇಕು. ಯೀಸ್ಟಿನಲ್ಲಿರಬಹುದಾದ ಟೈರಮಿನ್ ಎಂಬ ವಸ್ತುವನ್ನು ಈ ಔಷಧಿಗಳು ದೇಹದಲ್ಲಿ ವಿಘಟನೆಯಾಗಲು ಬಿಡುವುದಿಲ್ಲ, ಅದರಿಂದ ರಕ್ತದೊತ್ತಡ ಅಪಾಯಕರ ಮಟ್ಟಕ್ಕೆ ಏರಬಹುದು. ಟೈರಮಿನ್ ಕೆಲವರಲ್ಲಿ ಮೈಗ್ರೇನ್ ತಲೆನೋವನ್ನೂ ಕೆರಳಿಸುತ್ತದೆ. ಯೀಸ್ಟಿನಲ್ಲಿ ಪ್ಯೂರಿನ್ ಹೆಚ್ಚಾಗಿದ್ದು ಅದು ದೇಹದಲ್ಲಿ ಯೂರಿಕ್ ಆಮ್ಲವಾಗುವುದರಿಂದ ಗೌಟ್ ಎಂಬ ಕೀಲುನೋವಿನ ಕಾಯಿಲೆ ಇರುವವರಿಗೂ ಇದು ತಕ್ಕ ಆಹಾರವಲ್ಲ. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ಅನೇಕ ರೋಗಿಗಳ ರಕ್ತದಲ್ಲಿ ಸ್ಯಾಕರೊಮೈಸಿಸ್ ವಿರುದ್ಧದ ಪ್ರತಿಕಾಯಗಳು ಕಂಡುಬರುತ್ತವೆ, ಕೆಲವರಿಗೆ ಯೀಸ್ಟ್ ತಿಂದಾಗ ಲಕ್ಷಣಗಳು ಉಲ್ಬಣಿಸುತ್ತವೆ. ಮೂತ್ರಪಿಂಡದ ಕಾಯಿಲೆಯಿಂದಾಗಿ ರಂಜಕ ಮತ್ತು ಪೊಟ್ಯಾಸಿಯಂ ಮಿತಗೊಳಿಸಬೇಕಾದವರು ತಮ್ಮ ಆಹಾರ ತಜ್ಞರ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು. ಯೀಸ್ಟ್ ಅಲರ್ಜಿ ಇರುವವರಿಗೆ ಇದು ನಿಷಿದ್ಧ ಎಂದು ಬೇರೆ ಹೇಳಬೇಕಿಲ್ಲ.

ವೀಗನ್ ಆಹಾರಕ್ರಮದಲ್ಲಿರುವ ಎಲ್ಲರಿಗೂ ಅನ್ವಯಿಸುವ ಒಂದು ಎಚ್ಚರಿಕೆ ಫೋಲಿಕ್ ಆಮ್ಲಕ್ಕೆ ಸಂಬಂಧಿಸಿದ್ದು. ಬಿ12 ಕೊರತೆಯ ಮೊದಲ ಸೂಚನೆಯಾಗಿ ಕಾಣಬಹುದಾದ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಸರಿಪಡಿಸಿಬಿಡುತ್ತದೆ, ಆದರೆ ನರಗಳಿಗೆ ಆಗುತ್ತಿರುವ ಹಾನಿಯನ್ನು ತಡೆಯುವುದಿಲ್ಲ. ಫೋಲೇಟ್ ಧಾರಾಳವಾಗಿರುವ, ಬಿ12 ಇಲ್ಲದ ಯೀಸ್ಟನ್ನು ನೆಚ್ಚಿಕೊಂಡವರ ರಕ್ತದ ಎಣಿಕೆ ಸರಿಯಾಗಿಯೇ ಕಾಣುತ್ತಿದ್ದು, ಕೈಕಾಲು ಜುಮುಗುಟ್ಟುವಿಕೆ, ನಡಿಗೆಯಲ್ಲಿ ತೊಡರು, ಮರೆವು ಕಾಣಿಸಿಕೊಂಡಾಗ ಮಾತ್ರ ಕೊರತೆ ಬಯಲಾಗಬಹುದು. ಪಿತ್ತಜನಕಾಂಗದಲ್ಲಿ ಬಿ12 ವರ್ಷಗಳಿಗಾಗುವಷ್ಟು ಸಂಗ್ರಹವಿರುವುದರಿಂದ ಆಹಾರ ಬದಲಿಸಿದ ಆರಂಭದ ದಿನಗಳಲ್ಲಿ ಏನೂ ತೊಂದರೆ ಕಾಣದಿರುವುದು ಭರವಸೆಯ ಲಕ್ಷಣವಲ್ಲ. ಹೀಗಾಗಿ ನಿಯತಕಾಲಿಕವಾಗಿ ರಕ್ತ ಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಒಂದಕ್ಕೇ ನಿಲ್ಲದೆ ಬಿ12ರ ಮಟ್ಟವನ್ನೂ ನೋಡಲು ಹೇಳಿ, ಫಲಿತಾಂಶ ಗಡಿಯಲ್ಲಿದ್ದರೆ ಮೀಥೈಲ್ ಮೆಲೋನಿಕ್ ಆಮ್ಲ ಅಥವಾ ಹೋಮೊಸಿಸ್ಟೀನ್ ಪರೀಕ್ಷೆ ಅಗತ್ಯವೇ ಎಂದು ವೈದ್ಯರನ್ನು ಕೇಳಿ. ಆ ಭೇಟಿಗೆ ಹೋಗುವಾಗ ನೀವು ತಿನ್ನುವ ಯೀಸ್ಟಿನ ಪೊಟ್ಟಣವನ್ನೂ ಜೊತೆಗೆ ಒಯ್ದರೆ, ಅದರಲ್ಲಿರುವ ಫೋಲಿಕ್ ಆಮ್ಲ ಮತ್ತು ಬಿ12ರ ಪ್ರಮಾಣವನ್ನು ವೈದ್ಯರೇ ನೋಡಿ ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸಲು ಅನುಕೂಲವಾಗುತ್ತದೆ.